ರೀಸ್ಟಾರ್ಟ್ ಆದ ಮೇಲೆ ಕಾಣಿಸದ ಬ್ಯಾಕಪ್ ಡಿಸ್ಕ್

ದಿನವಿಡೀ ಸರಿಯಾಗಿ ಕೆಲಸ ಮಾಡಿದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದ ಕೂಡಲೇ ಕಾಣೆಯಾಗುವುದು, ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಏನೂ ಆಗಿಲ್ಲವೆಂಬಂತೆ ಹಾಜರಾಗುವುದು, ಬ್ಯಾಕಪ್ ಇಟ್ಟುಕೊಳ್ಳುವ ಅಭ್ಯಾಸವಿರುವ ಅನೇಕರಿಗೆ ಪರಿಚಿತವಾದ ತೊಂದರೆ. ಇದನ್ನು ಕಂಡೊಡನೆ ಡಿಸ್ಕ್ ಸತ್ತೇಹೋಯಿತೆಂದು ಗಾಬರಿಯಾಗುವವರಿದ್ದಾರೆ. ಕಿತ್ತು ಹಾಕಿದರೆ ಬರುತ್ತದಲ್ಲ ಎಂದು ಸುಮ್ಮನಾಗುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಕಿತ್ತು ಹಾಕಿದಾಗ ಬರುತ್ತದೆ, ರೀಸ್ಟಾರ್ಟ್ ಆದಾಗ ಬರುವುದಿಲ್ಲ ಎಂಬ ಈ ವ್ಯತ್ಯಾಸವೇ ನಮಗೆ ಸಿಗುವ ಅತ್ಯುತ್ತಮ ಸುಳಿವು. ಆ ಎರಡು ಸಂದರ್ಭಗಳಲ್ಲಿ ಒಳಗೆ ನಡೆಯುವುದು ಒಂದೇ ಅಲ್ಲ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಹಿಡಿದು ಹೊರಟರೆ ದೋಷ ಎಲ್ಲಿದೆಯೆಂದು ಹೆಚ್ಚು ಖರ್ಚಿಲ್ಲದೆ, ಮುಖ್ಯವಾಗಿ ಡಿಸ್ಕಿನಲ್ಲಿರುವ ಕಡತಗಳಿಗೆ ಅಪಾಯವಾಗದಂತೆ, ಪತ್ತೆ ಮಾಡಬಹುದು.

ಹನುಮಂತನಗರದ ಮನೆಯಲ್ಲೇ ಕುಳಿತು ಸಣ್ಣ ಪ್ರಕಾಶಕರಿಗೆ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುವ ನನಗೆ, ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿ ಬಂದ ಕಡತಗಳಿಂದ ಹಿಡಿದು ಮುದ್ರಣಕ್ಕೆ ಹೋದ ಕೊನೆಯ ಪಿಡಿಎಫ್‌ವರೆಗೆ ಎಲ್ಲವನ್ನೂ ಕಾಪಾಡಿಕೊಂಡಿರಬೇಕಾದ ಹೊಣೆಯಿದೆ. ಅದಕ್ಕಾಗಿ ಎರಡೂವರೆ ಇಂಚಿನ ಡಿಸ್ಕೊಂದು ಸದಾ ಕಂಪ್ಯೂಟರಿಗೆ ಜೋಡಿಕೊಂಡೇ ಇರುತ್ತದೆ. ರಾತ್ರಿ ಹೊತ್ತು ಬ್ಯಾಕಪ್ ತಾನಾಗಿಯೇ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಸುರಿದಾಗ ಕರೆಂಟು ಹೋಗಿ ಬರುವುದು ಬೆಂಗಳೂರಿನಲ್ಲಿ ಮಾಮೂಲು. ಯುಪಿಎಸ್‌ನ ಬ್ಯಾಟರಿ ಬಲ ಕಳೆದುಕೊಂಡಿದ್ದರೆ ಆ ಅರೆಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ನಾನು ಕೆಲಸ ಮುಂದುವರಿಸುತ್ತೇನೆ, ರಾತ್ರಿಯ ಬ್ಯಾಕಪ್ ಮಾತ್ರ ಡಿಸ್ಕ್ ಸಿಗದೆ ನಿಂತುಹೋಗಿರುತ್ತದೆ. ತೊಂದರೆಯ ನಿಜವಾದ ಕೆಡುಕು ಇಲ್ಲಿದೆ. ಡಿಸ್ಕ್ ಕಾಣದಿರುವುದು ಸಣ್ಣ ವಿಷಯ. ಅದು ಕಾಣುತ್ತಿಲ್ಲವೆಂಬುದೇ ವಾರಗಟ್ಟಲೆ ನಮ್ಮ ಗಮನಕ್ಕೆ ಬಾರದಿರುವುದು ದೊಡ್ಡ ವಿಷಯ.

ಎಕ್ಸ್‌ಟರ್ನಲ್ ಡಿಸ್ಕಿನ ಪೆಟ್ಟಿಗೆಯೊಳಗೆ ತಿರುಗುವ ಡಿಸ್ಕಿನ ಜೊತೆಗೆ, ಅದರ ಸಂಕೇತಗಳನ್ನು ಯುಎಸ್‌ಬಿಗೆ ಒಗ್ಗಿಸಿ ಕಳುಹಿಸುವ ಒಂದು ಸಣ್ಣ ಚಿಪ್ ಇರುತ್ತದೆ. ಅದನ್ನು ಬ್ರಿಡ್ಜ್ ಚಿಪ್ ಎನ್ನುತ್ತಾರೆ. ಕಂಪ್ಯೂಟರ್ ನೇರವಾಗಿ ಮಾತಾಡುವುದು ಈ ಚಿಪ್ಪಿನೊಂದಿಗೆ. ಕೇಬಲ್ ಕಿತ್ತಾಗ ಚಿಪ್ಪಿಗೂ ಡಿಸ್ಕಿಗೂ ವಿದ್ಯುತ್ ಸಂಪೂರ್ಣ ನಿಲ್ಲುತ್ತದೆ. ಮತ್ತೆ ಚುಚ್ಚಿದಾಗ ಎರಡೂ ಹೊಸದಾಗಿ ಶುರುವಾಗುತ್ತವೆ. ರೀಸ್ಟಾರ್ಟ್ ಮಾಡಿದಾಗ ಹೀಗಾಗುವುದಿಲ್ಲ. ಬಹುತೇಕ ಕಂಪ್ಯೂಟರುಗಳು ರೀಸ್ಟಾರ್ಟ್ ಸಮಯದಲ್ಲಿ ಯುಎಸ್‌ಬಿ ಪೋರ್ಟಿನ 5 ವೋಲ್ಟ್ ಪೂರೈಕೆಯನ್ನು ನಿಲ್ಲಿಸುವುದಿಲ್ಲ, ಕೇವಲ ರೀಸೆಟ್ ಸಂಕೇತವೊಂದನ್ನು ಕಳುಹಿಸುತ್ತವೆ. ಚಿಪ್ ಅಷ್ಟರಲ್ಲಾಗಲೇ ಗೊಂದಲಕ್ಕೆ ಸಿಕ್ಕಿ ಸ್ತಬ್ಧವಾಗಿದ್ದರೆ ಆ ಸಂಕೇತಕ್ಕೆ ಅದು ಓಗೊಡುವುದಿಲ್ಲ. ಸಾಲದ್ದಕ್ಕೆ, ರೀಸ್ಟಾರ್ಟ್ ಆಗುವಾಗ ಮೊದಲು ಬಯೋಸ್, ಅಂದರೆ ಮದರ್‌ಬೋರ್ಡಿನಲ್ಲಿರುವ ಆರಂಭಿಕ ತಂತ್ರಾಂಶ, ಬಂದು ಯುಎಸ್‌ಬಿ ಸಾಧನಗಳನ್ನು ಗುರುತಿಸುತ್ತದೆ, ಆಮೇಲೆ ಆಪರೇಟಿಂಗ್ ಸಿಸ್ಟಂ ಬಂದು ಅವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು ಮತ್ತೊಮ್ಮೆ ಗುರುತಿಸುತ್ತದೆ. ಕೆಲವೇ ಸೆಕೆಂಡುಗಳ ಅಂತರದಲ್ಲಿ ಹೀಗೆ ಎರಡೆರಡು ಸಲ ಕರೆಬಂದಾಗ ತಡವರಿಸುವ ಬ್ರಿಡ್ಜ್ ಚಿಪ್‌ಗಳಿವೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ತಂತ್ರಾಂಶದ ಯಾವ ಸೆಟ್ಟಿಂಗನ್ನೂ ಮುಟ್ಟದೆ, ಡಿಸ್ಕ್ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳುವುದು. ರೀಸ್ಟಾರ್ಟ್ ಮಾಡಿದಾಗ ಬಾರದೆ, ಶಟ್‌ಡೌನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿದಾಗ ಬಂದರೆ, ವಿದ್ಯುತ್ ಕಡಿಯದ ಕಾರಣ ಚಿಪ್ ಹಳೆಯ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆಯೆಂದು ತಿಳಿಯಬಹುದು. ಇದಕ್ಕೆ ತದ್ವಿರುದ್ಧವಾಗಿ, ಶಟ್‌ಡೌನ್ ಮಾಡಿ ಆನ್ ಮಾಡಿದಾಗ ಬಾರದೆ ರೀಸ್ಟಾರ್ಟ್ ಮಾಡಿದಾಗ ಬರುವುದಾದರೆ, ಕೇಳುವವರಿಗೆ ವಿಚಿತ್ರವೆನಿಸಿದರೂ, ಅನುಮಾನ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಡೆ ಹೊರಳಬೇಕು. 2012ರ ವಿಂಡೋಸ್ 8ರಿಂದ ಬಂದ ಈ ವ್ಯವಸ್ಥೆಯಲ್ಲಿ ಶಟ್‌ಡೌನ್ ಎಂಬುದು ಪೂರ್ಣ ಶಟ್‌ಡೌನ್ ಅಲ್ಲ. ಸಿಸ್ಟಂನ ಒಳತಿರುಳನ್ನು, ಡ್ರೈವರುಗಳ ಸ್ಥಿತಿಯ ಸಮೇತ, ಒಂದು ಕಡತದಲ್ಲಿ ಉಳಿಸಿಟ್ಟುಕೊಂಡು ಮುಂದಿನ ಸಲ ಅದನ್ನೇ ಎತ್ತಿಕೊಳ್ಳಲಾಗುತ್ತದೆ. ನಿಜವಾಗಿ ಮೊದಲಿನಿಂದ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಮಾಡಿದರೆ ಆ ಒಂದು ಸಲಕ್ಕೆ ಪೂರ್ಣ ಶಟ್‌ಡೌನ್ ಆಗುತ್ತದೆ. ಅದರಿಂದ ಡಿಸ್ಕ್ ಕಾಣಿಸಿಕೊಂಡರೆ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ಪಿನ ಗುರುತನ್ನು ತೆಗೆದುಹಾಕಿದರೆ ಸಾಕು.

ಎರಡರಲ್ಲೂ ಬಾರದೆ ಕಿತ್ತು ಹಾಕಿದರೆ ಮಾತ್ರ ಬರುವ ಸಂದರ್ಭ ಇನ್ನೊಂದು. ಡೆಸ್ಕ್‌ಟಾಪ್‌ಗಳಲ್ಲಿ ಶಟ್‌ಡೌನ್ ಆದ ಮೇಲೂ ಯುಎಸ್‌ಬಿ ಪೋರ್ಟುಗಳಿಗೆ ವಿದ್ಯುತ್ ಹರಿಯುತ್ತಿರುವುದು ಸಾಮಾನ್ಯ. ಕಂಪ್ಯೂಟರ್ ಆಫ್ ಆಗಿದ್ದರೂ ಮೌಸಿನ ಕೆಂಪು ದೀಪ ಉರಿಯುತ್ತಿರುವುದನ್ನು ನೀವು ನೋಡಿರಬಹುದು. ಗೋಡೆಯ ಸ್ವಿಚ್ಚನ್ನೇ ಆರಿಸಿ, ಕಂಪ್ಯೂಟರಿನ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಆಮೇಲೆ ಶುರು ಮಾಡಿದಾಗ ಡಿಸ್ಕ್ ಬಂದರೆ ಕಾರಣ ಇದೇ ಎಂದಾಯಿತು. ಅನೇಕ ಮದರ್‌ಬೋರ್ಡುಗಳ ಬಯೋಸ್‌ನಲ್ಲಿ ಇಆರ್‌ಪಿ ಎಂಬ ಹೆಸರಿನ ಆಯ್ಕೆಯೊಂದಿದೆ. ಅದನ್ನು ಆನ್ ಮಾಡಿದರೆ ಶಟ್‌ಡೌನ್ ಆದಾಗ ಪೋರ್ಟುಗಳ ವಿದ್ಯುತ್ತೂ ನಿಲ್ಲುತ್ತದೆ; ಕೀಬೋರ್ಡಿನ ಕೀಲಿ ಒತ್ತಿ ಕಂಪ್ಯೂಟರನ್ನು ಎಬ್ಬಿಸುವ ಸೌಲಭ್ಯವೂ ಅದರೊಂದಿಗೆ ಹೋಗುತ್ತದೆ ಎಂಬುದು ನೆನಪಿರಲಿ. ಸ್ವಂತ ಅಡಾಪ್ಟರ್ ಇರುವ ಮೂರೂವರೆ ಇಂಚಿನ ಡಿಸ್ಕುಗಳಿಗೆ ಈ ಉಪಾಯ ನಾಟುವುದಿಲ್ಲ. ಅವುಗಳ 12 ವೋಲ್ಟ್ ವಿದ್ಯುತ್ತು ಗೋಡೆಯಿಂದ ನೇರವಾಗಿ ಬರುವುದರಿಂದ ಕಂಪ್ಯೂಟರ್ ಅದನ್ನು ನಿಲ್ಲಿಸಲಾರದು. ಅಡಾಪ್ಟರನ್ನೇ ಆರಿಸಿ, ಡಿಸ್ಕ್ ತಿರುಗುವ ಸದ್ದು ನಿಲ್ಲುವವರೆಗೆ ಕಾದು, ಮತ್ತೆ ಹಾಕಬೇಕು.

ವಿದ್ಯುತ್ತಿನ ಮಾತು ಬಂದದ್ದರಿಂದ ಅದರ ಲೆಕ್ಕವನ್ನೂ ನೋಡಿಬಿಡೋಣ, ಏಕೆಂದರೆ ನನ್ನ ಅನುಭವದಲ್ಲಿ ಎರಡೂವರೆ ಇಂಚಿನ ಡಿಸ್ಕುಗಳ ತಕರಾರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಯುಎಸ್‌ಬಿ 2.0 ನಿಯಮದ ಪ್ರಕಾರ ಒಂದು ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪಿಯರ್. 2008ರಲ್ಲಿ ಬಂದ ಯುಎಸ್‌ಬಿ 3.0ರಲ್ಲಿ ಇದು 900 ಮಿಲಿ ಆಂಪಿಯರ್‌ಗೆ ಏರಿತು. ಒಮ್ಮೆ ತಿರುಗಲು ಶುರುವಾದ ಡಿಸ್ಕಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ನಿಂತ ತಟ್ಟೆಗಳನ್ನು ಎತ್ತಿ ತಿರುಗಿಸುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದೇ ಡಿಸ್ಕ್ 1 ಆಂಪಿಯರ್‌ನಷ್ಟು ಕೇಳಬಹುದು. ಕಂಪ್ಯೂಟರ್ ಏಳುವ ಹೊತ್ತಿನಲ್ಲಿ ಫ್ಯಾನು, ಒಳಗಿನ ಡಿಸ್ಕುಗಳು, ಗ್ರಾಫಿಕ್ಸ್ ಕಾರ್ಡು ಎಲ್ಲವೂ ಒಟ್ಟಿಗೆ ವಿದ್ಯುತ್ತಿಗೆ ಕೈಚಾಚುತ್ತವೆ; ಸಾಮಾನ್ಯ ಸಮಯದಲ್ಲಿ ಕಿತ್ತು ಹಾಕಿದಾಗ ಆ ನೂಕುನುಗ್ಗಲು ಇರುವುದಿಲ್ಲ. ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟುಗಳು ತೆಳುವಾದ ಒಳಕೇಬಲ್ ಮೂಲಕ ಮದರ್‌ಬೋರ್ಡಿಗೆ ಸೇರುವುದರಿಂದ ಅಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಅಡಾಪ್ಟರ್ ಇಲ್ಲದ ಹಬ್‌ಗೆ ಡಿಸ್ಕ್ ಜೋಡಿಸಿದ್ದರಂತೂ, ಒಂದೇ ಪೋರ್ಟಿನ ಪಾಲನ್ನು ಅದರ ಮೇಲಿರುವ ಸಾಧನಗಳೆಲ್ಲ ಹಂಚಿಕೊಳ್ಳಬೇಕಾಗುತ್ತದೆ. ನನ್ನ ಮೇಜಿನ ಮೇಲೆ ಇದ್ದದ್ದೂ ಇಂಥದೇ ಒಂದು ಹಬ್. ಅದನ್ನು ಬಿಟ್ಟು ಡಿಸ್ಕನ್ನು ನೇರವಾಗಿ ಹಿಂಭಾಗದ ನೀಲಿ (ಯುಎಸ್‌ಬಿ 3.0) ಪೋರ್ಟಿಗೆ ಸೇರಿಸಿದ ಮೇಲೆ ತೊಂದರೆಯ ಮುಕ್ಕಾಲು ಪಾಲು ಕರಗಿತು.

ಉಳಿದ ಕಾಲು ಪಾಲು ಕೇಬಲ್ಲಿನಲ್ಲಿತ್ತು. ಎಸ್‌.ಪಿ. ರಸ್ತೆಯಲ್ಲಿ, ಅಂದರೆ ಪುರಭವನದ ಹತ್ತಿರದ ಸಾದರ ಪತ್ರಪ್ಪ ರಸ್ತೆಯಲ್ಲಿ, ಕಂಪ್ಯೂಟರ್ ಬಿಡಿಭಾಗ ಮಾರುವವರ ಮುಂದೆ ಈ ಕಥೆಯನ್ನು ಶುರು ಮಾಡಿದರೆ ಅದು ಮುಗಿಯುವ ಮುಂಚೆಯೇ ಉತ್ತರ ಬರುತ್ತದೆ: ‘ಮೊದ್ಲು ಕೇಬಲ್ ಚೇಂಜ್ ಮಾಡಿ ನೋಡಿ ಸಾರ್, ಡಿಸ್ಕ್‌ಗೇನೂ ಆಗಿರಲ್ಲ.’ ವ್ಯಾಪಾರದ ಮಾತಿನಂತೆ ಕೇಳಿಸಿದರೂ ಇದರಲ್ಲಿ ತಥ್ಯವಿದೆ. ಇಂಥ ಡಿಸ್ಕುಗಳಲ್ಲಿ ಬಳಕೆಯಾಗುವ ಅಗಲವಾದ ಚಪ್ಪಟೆ ಮೂತಿಯ ಮೈಕ್ರೋ ಬಿ ಪ್ಲಗ್ಗು ಪದೇ ಪದೇ ಕಿತ್ತು ಹಾಕುವುದರಿಂದ ಸಡಿಲವಾಗುತ್ತದೆ. ತೊಂದರೆ ಬಂದಾಗಲೆಲ್ಲ ಕಿತ್ತು ಹಾಕುವ ಪರಿಹಾರವೇ ಮುಂದಿನ ತೊಂದರೆಗೆ ಬೀಜ ಬಿತ್ತುತ್ತದೆ. ಆ ಮೂತಿಯಲ್ಲಿ ಎರಡು ಭಾಗಗಳಿವೆ: ಒಂದು ಹಳೆಯ 2.0 ವೇಗದ್ದು, ಇನ್ನೊಂದು 3.0ರ ಹೆಚ್ಚಿನ ವೇಗದ್ದು. ಎರಡನೆಯ ಭಾಗ ಸರಿಯಾಗಿ ಕೂರದಿದ್ದರೆ ಡಿಸ್ಕ್ ಕೆಲವು ಸಲ ಬಂದು, ಸೆಕೆಂಡಿಗೆ 5 ಗಿಗಾಬಿಟ್ ಬದಲು 480 ಮೆಗಾಬಿಟ್ ವೇಗದಲ್ಲಿ ತೆವಳುತ್ತದೆ. ಕೆಲವು ಸಲ ಬರುವುದೇ ಇಲ್ಲ. ಕೊಳ್ಳುವಾಗ ಉದ್ದನೆಯ ಕೇಬಲ್ಲಿಗೆ ಆಸೆಪಡದೆ, ಗಿಡ್ಡದಾದ, ತುಸು ದಪ್ಪನೆಯದನ್ನು ಆರಿಸುವುದು ಒಳ್ಳೆಯದು. ಫೋನ್ ಚಾರ್ಜ್ ಮಾಡಲೆಂದು ಕೊಟ್ಟ ಸಿ ಟೈಪ್ ಕೇಬಲ್ಲುಗಳಲ್ಲಿ ಅನೇಕವು 2.0 ವೇಗಕ್ಕಷ್ಟೇ ತಯಾರಾದವು ಎಂಬುದನ್ನೂ ಗಮನಿಸಬೇಕು.

ಕೇಬಲ್, ಪೋರ್ಟ್, ವಿದ್ಯುತ್ ಮೂರೂ ಸರಿಯಿದ್ದೂ ಡಿಸ್ಕ್ ಬಾರದಿದ್ದಾಗ, ಅದು ಎಲ್ಲಿಯವರೆಗೆ ಬಂದು ನಿಂತಿದೆಯೆಂದು ನೋಡಬೇಕು. ದಿಸ್ ಪಿಸಿ ಕಿಟಕಿಯಲ್ಲಿ ಕಾಣದ ಮಾತ್ರಕ್ಕೆ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಲ್ಲವೆಂದು ಅರ್ಥವಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂದು ಹಳದಿ ಗುರುತಿನೊಂದಿಗೆ, ಕೋಡ್ 43ರ ಜೊತೆ ಕಾಣಿಸಿದರೆ, ಚಿಪ್ ಇದೆ ಆದರೆ ತನ್ನ ಪರಿಚಯ ಹೇಳಿಕೊಳ್ಳುವುದರಲ್ಲಿ ಸೋಲುತ್ತಿದೆ ಎಂದರ್ಥ. ಆಗ ಮತ್ತೆ ಕೇಬಲ್ಲಿಗೂ ವಿದ್ಯುತ್ತಿಗೂ ಮರಳಬೇಕು. ಅಲ್ಲಿ ಡಿಸ್ಕಿನ ಹೆಸರು ಸರಿಯಾಗಿ ಬಂದು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೂ ಅದರ ಪಾರ್ಟಿಷನ್ (ಡಿಸ್ಕಿನಲ್ಲಿ ವಿಂಗಡಿಸಿದ ಭಾಗ) ಕಾಣಿಸಿ, ಡಿ, ಇ ಎಂಬಂಥ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ, ಅಕ್ಷರ ಕೊಟ್ಟರೆ ಕೆಲಸ ಮುಗಿಯಿತು. ‘ಆಫ್‌ಲೈನ್’ ಎಂದಿದ್ದರೆ ಸಾಮಾನ್ಯವಾಗಿ ಇನ್ನೊಂದು ಡಿಸ್ಕಿನ ಸಹಿಯೂ (ಡಿಸ್ಕನ್ನು ಗುರುತಿಸುವ ಸಂಖ್ಯೆ) ಇದರ ಸಹಿಯೂ ಒಂದೇ ಆಗಿದೆ. ಒಂದು ಡಿಸ್ಕನ್ನು ಹಾಗೆಯೇ ಇನ್ನೊಂದಕ್ಕೆ ಕ್ಲೋನ್ ಮಾಡಿ ಎರಡನ್ನೂ ಒಟ್ಟಿಗೆ ಜೋಡಿಸಿದವರಿಗೆ ಇದು ಎದುರಾಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಒಂದು ಎಚ್ಚರಿಕೆ ಹೇಳಲೇಬೇಕು. ಡಿಸ್ಕಿನ ಮೊದಲ ಭಾಗವನ್ನು ಓದಲಾಗದಿದ್ದಾಗ ಡಿಸ್ಕ್ ಮ್ಯಾನೇಜ್‌ಮೆಂಟ್ ‘ನಾಟ್ ಇನಿಷಿಯಲೈಸ್ಡ್’ ಎಂದು ತೋರಿಸಿ, ಇನಿಷಿಯಲೈಸ್ ಮಾಡಲೇ ಎಂದು ತಾನಾಗಿಯೇ ಕೇಳುತ್ತದೆ. ಪಾರ್ಟಿಷನ್ ಸಿಕ್ಕಿದರೂ ಅದರೊಳಗಿನ ಕಡತವ್ಯವಸ್ಥೆ ಅರ್ಥವಾಗದಿದ್ದರೆ, ಫಾರ್ಮ್ಯಾಟ್ ಮಾಡಿದ ಹೊರತು ಡಿಸ್ಕನ್ನು ಬಳಸಲಾಗದು ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಎರಡೂ ಪ್ರಶ್ನೆಗಳನ್ನು ಎಷ್ಟು ಸಹಜವಾಗಿ ಕೇಳಲಾಗುತ್ತದೆಂದರೆ, ಅವಸರದಲ್ಲಿರುವವರು ಸರಿ ಎಂದು ಒತ್ತಿಬಿಡುತ್ತಾರೆ. ಹಳೆಯ ಕಡತಗಳಿರುವ ಡಿಸ್ಕಿನ ಮೇಲೆ ಇವೆರಡನ್ನೂ ಒತ್ತಬಾರದು. ರದ್ದು ಮಾಡಿ, ಡಿಸ್ಕನ್ನು ಕಳಚಿ, ಬೇರೆ ಕೇಬಲ್ಲಿನಲ್ಲಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡುವವರೆಗೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯುವ ಕೆಲಸಕ್ಕೆ ಕೈಹಾಕಬಾರದು.

ಡ್ರೈವ್ ಅಕ್ಷರದ ವಿಷಯ ಕ್ಷುಲ್ಲಕವೆನಿಸಿದರೂ ಬ್ಯಾಕಪ್ ತಪ್ಪಿಸುವುದರಲ್ಲಿ ಅದರದು ದೊಡ್ಡ ಕೈ. ವಿಂಡೋಸ್ ಯಾವ ಡಿಸ್ಕಿಗೆ ಯಾವ ಅಕ್ಷರ ಕೊಟ್ಟಿತ್ತೆಂದು ನೆನಪಿಟ್ಟುಕೊಳ್ಳುತ್ತದೆ ನಿಜ, ಆದರೆ ಆ ಅಕ್ಷರ ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದರೆ ಮುಂದಿನದನ್ನು ಕೊಟ್ಟು ಸುಮ್ಮನಾಗುತ್ತದೆ. ಪ್ರಕಾಶಕರು ಕೊಟ್ಟ ಪೆನ್‌ಡ್ರೈವ್ ಚುಚ್ಚಿಕೊಂಡಿರುವಾಗಲೇ ರೀಸ್ಟಾರ್ಟ್ ಆಯಿತೆನ್ನಿ, ಅದಕ್ಕೆ ಇ ಅಕ್ಷರ ಸಿಕ್ಕಿ ಬ್ಯಾಕಪ್ ಡಿಸ್ಕ್ ಎಫ್ ಆಗಬಹುದು. ಬ್ಯಾಕಪ್ ತಂತ್ರಾಂಶ ಇ ಅನ್ನೇ ಹುಡುಕುತ್ತ ಡಿಸ್ಕ್ ಇಲ್ಲವೆಂದು ವರದಿ ಮಾಡುತ್ತದೆ. ಬ್ಯಾಕಪ್ ಡಿಸ್ಕಿಗೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಎಕ್ಸ್, ವೈ ಮುಂತಾದ ಕೊನೆಯ ಅಕ್ಷರಗಳಲ್ಲಿ ಒಂದನ್ನು ಕೊಟ್ಟುಬಿಟ್ಟರೆ ಈ ಜಗಳ ಬಹುತೇಕ ತೀರುತ್ತದೆ. ಬಿಟ್‌ಲಾಕರ್‌ನಿಂದ ಬೀಗ ಹಾಕಿದ ಡಿಸ್ಕಾದರೆ, ಪ್ರತಿ ರೀಸ್ಟಾರ್ಟಿನ ನಂತರ ಅದು ಪಾಸ್‌ವರ್ಡಿಗಾಗಿ ಕಾಯುತ್ತಿರುತ್ತದೆ. ಆಟೋ ಅನ್‌ಲಾಕ್ ಕೊಟ್ಟಿರದಿದ್ದರೆ ರಾತ್ರಿಯ ಬ್ಯಾಕಪ್ ಆ ಬಾಗಿಲನ್ನು ದಾಟಲಾರದು.

ಸಮಯದ್ದೂ ಒಂದು ತಕರಾರಿದೆ. ಕಂಪ್ಯೂಟರಿನೊಳಗೆ ಎಸ್‌ಎಸ್‌ಡಿ ಬಂದ ಮೇಲೆ ವಿಂಡೋಸ್ ಕೆಲವೇ ಸೆಕೆಂಡುಗಳಲ್ಲಿ ಎದ್ದು ಕೂರುತ್ತದೆ, ತಿರುಗುವ ಡಿಸ್ಕಿಗೆ ಮಾತ್ರ ವೇಗ ಹಿಡಿಯಲು ಮೊದಲಿನಷ್ಟೇ ಹೊತ್ತು ಬೇಕು. ಲಾಗಿನ್ ಆದ ಕೂಡಲೇ ಓಡುವ ಬ್ಯಾಕಪ್ ತಂತ್ರಾಂಶ, ಹಾಜರಿ ಕರೆದು ಪುಸ್ತಕ ಮುಚ್ಚಿದ ಮೇಷ್ಟ್ರಂತೆ, ತಡವಾಗಿ ಬಂದ ಡಿಸ್ಕನ್ನು ಆ ದಿನಕ್ಕೆ ಗೈರುಹಾಜರೆಂದೇ ಬರೆದುಕೊಳ್ಳುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಆ ಕೆಲಸಕ್ಕೆ ಕೆಲವು ನಿಮಿಷಗಳ ವಿಳಂಬ ಕೊಟ್ಟು, ಸೋತರೆ ಮತ್ತೆ ಪ್ರಯತ್ನಿಸುವಂತೆ ಹೇಳಿದರೆ ಸಾಕಾಗುತ್ತದೆ. ಇನ್ನು ಪವರ್ ಆಪ್ಷನ್ಸ್‌ನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬಳಕೆಯ ನಡುವೆ ನಿದ್ದೆಹೋಗಿ ಏಳದ ಡಿಸ್ಕಿಗೆ ಅದು ಉಪಯೋಗಕ್ಕೆ ಬರುತ್ತದೆ. ರೀಸ್ಟಾರ್ಟಿನ ತೊಂದರೆಗೆ ಅದನ್ನೇ ಮೊದಲ ಮದ್ದೆಂದು ನಾನು ನಂಬುವುದಿಲ್ಲ.

ಲಿನಕ್ಸ್ ಬಳಸುವವರಿಗೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಹಳೆಯ ಲ್ಯಾಪ್‌ಟಾಪೊಂದಕ್ಕೆ ಉಬುಂಟು ಹಾಕಿ ಅದನ್ನು ಬ್ಯಾಕಪ್ಪಿಗೆಂದೇ ಮೀಸಲಿಟ್ಟಿರುವ ನನಗೆ, ನಿಜ ಹೇಳಬೇಕೆಂದರೆ, ವಿಂಡೋಸ್‌ಗಿಂತ ಇಲ್ಲಿನ ಅಪಾಯವೇ ಹೆಚ್ಚು ಯೋಚನೆಗೆ ಹಚ್ಚಿದೆ. ಡಿಸ್ಕಿಗೆ ಎಸ್‌ಡಿಬಿ1 ಎಂಬಂಥ ಹೆಸರು ಸಿಗುವುದು ಅದು ಸಿಕ್ಕ ಸರದಿಯ ಮೇಲೆ. ಮುಂದಿನ ರೀಸ್ಟಾರ್ಟಿನಲ್ಲಿ ಅದೇ ಡಿಸ್ಕ್ ಎಸ್‌ಡಿಸಿ1 ಆಗಬಹುದು. ಆದ್ದರಿಂದ ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಯಾವ ಫೋಲ್ಡರಿಗೆ ಜೋಡಿಸಬೇಕು, ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಹೆಸರನ್ನು ಬರೆಯದೆ, ಪಾರ್ಟಿಷನ್ನಿನ ಸ್ಥಿರ ಗುರುತುಸಂಖ್ಯೆಯಾದ ಯುಯುಐಡಿಯನ್ನು ಬರೆಯಬೇಕು. ಜೊತೆಗೆ ನೋಫೇಲ್ ಎಂಬ ಆಯ್ಕೆಯನ್ನೂ ಸೇರಿಸಬೇಕು. ಅದಿಲ್ಲದಿದ್ದರೆ ಲಿನಕ್ಸನ್ನು ಶುರುಮಾಡಿಸುವ ಸಿಸ್ಟಂಡಿ ಎಂಬ ತಂತ್ರಾಂಶ ಡಿಸ್ಕಿಗಾಗಿ ರೂಢಿಯಂತೆ 90 ಸೆಕೆಂಡು ಕಾದು, ಬಾರದಿದ್ದಾಗ ಇಡೀ ಕಂಪ್ಯೂಟರನ್ನು ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲಿಸಿಬಿಡುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಏನೂ ಬರೆಯದೆ ಡೆಸ್ಕ್‌ಟಾಪಿನ ಮೇಲೆಯೇ ಭರವಸೆಯಿಟ್ಟಿದ್ದರೆ, ಡಿಸ್ಕ್ ಮೌಂಟ್ ಆಗುವುದು ಯಾರಾದರೂ ಲಾಗಿನ್ ಆದ ಮೇಲೆ. ಕರೆಂಟು ಬಂದು ತಾನಾಗಿ ಎದ್ದ ಕಂಪ್ಯೂಟರಿನ ಮುಂದೆ ಆ ಹೊತ್ತಿನಲ್ಲಿ ಯಾರೂ ಕುಳಿತಿರುವುದಿಲ್ಲ.

ನಿಜವಾದ ಗಂಡಾಂತರ ಇದರ ಮುಂದಿನದು. ಡಿಸ್ಕ್ ಮೌಂಟ್ ಆಗದಿದ್ದರೂ ಅದಕ್ಕಾಗಿ ಮಾಡಿಟ್ಟ ಖಾಲಿ ಫೋಲ್ಡರ್ ತನ್ನ ಜಾಗದಲ್ಲಿ ಇದ್ದೇ ಇರುತ್ತದೆ. ಕಡತಗಳನ್ನು ನಕಲು ಮಾಡುವ ಆರ್‌ಸಿಂಕ್‌ನಂಥ ತಂತ್ರಾಂಶಕ್ಕೆ ಅದು ಡಿಸ್ಕೋ ಬರಿಯ ಫೋಲ್ಡರೋ ಎಂಬ ಭೇದ ಗೊತ್ತಿಲ್ಲ. ಅದು ಎಲ್ಲ ಕಡತಗಳನ್ನೂ ಆ ಫೋಲ್ಡರಿಗೆ, ಅಂದರೆ ಯಾವ ಒಳಡಿಸ್ಕ್ ಕೆಟ್ಟೀತೆಂದು ನಾವು ಬ್ಯಾಕಪ್ ಇಡುತ್ತಿದ್ದೇವೋ ಅದೇ ಡಿಸ್ಕಿಗೆ, ಶ್ರದ್ಧೆಯಿಂದ ನಕಲು ಮಾಡಿ, ಯಶಸ್ವಿಯಾಯಿತೆಂದು ವರದಿ ಬರೆಯುತ್ತದೆ. ಒಳಗಿನ ಡಿಸ್ಕ್ ತುಂಬಿಹೋಗಿ ಬೇರೇನೋ ಕೆಡುವವರೆಗೆ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಡಿಸ್ಕ್ ಮೌಂಟ್ ಆದರೆ ಆ ನಕಲುಗಳೆಲ್ಲ ಅದರ ಅಡಿಯಲ್ಲಿ ಮರೆಯಾಗಿ, ಜಾಗ ಎಲ್ಲಿ ಹೋಯಿತೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಎಂಬ ಆದೇಶದಿಂದ ಆ ಫೋಲ್ಡರ್ ನಿಜಕ್ಕೂ ಮೌಂಟ್ ಆಗಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುವುದು ಕಡ್ಡಾಯ.

ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಒಂದೇ ಡಿಸ್ಕನ್ನು ಬಳಸುವವರಿಗೆ ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್ ಇನ್ನೊಮ್ಮೆ ಎದುರಾಗುತ್ತದೆ: ಆ ರೀತಿ ಅರ್ಧ ಮುಚ್ಚಿದ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತವ್ಯವಸ್ಥೆ) ಪಾರ್ಟಿಷನ್ನಿನ ಮೇಲೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. ಲಿನಕ್ಸಿನ ಒಳತಿರುಳಾದ ಕರ್ನೆಲ್ಲಿನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆದೇಶದ ವರದಿಯಲ್ಲಿ ಯುಎಎಸ್ (ಯುಎಸ್‌ಬಿ ಡಿಸ್ಕಿನೊಂದಿಗೆ ವೇಗವಾಗಿ ವ್ಯವಹರಿಸುವ ವಿಧಾನ) ಎಂಬ ಪದದ ಸುತ್ತ ರೀಸೆಟ್ಟುಗಳು ಮತ್ತೆ ಮತ್ತೆ ಕಾಣುತ್ತಿದ್ದರೆ, ಬ್ರಿಡ್ಜ್ ಚಿಪ್ಪಿಗೆ ಆ ವೇಗದ ವಿಧಾನ ಒಗ್ಗುತ್ತಿಲ್ಲವೆಂದು ತಿಳಿದು, ಕರ್ನೆಲ್ಲಿಗೆ ಆ ಸಾಧನದ ಮಟ್ಟಿಗೆ ಹಳೆಯ ವಿಧಾನವನ್ನೇ ಬಳಸುವಂತೆ ಸೂಚನೆ ಕೊಡಬಹುದು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಬ್ಯಾಕಪ್ಪಿಗೆ ಅದು ನಷ್ಟವೇನಲ್ಲ.

ಮ್ಯಾಕ್ ನನ್ನ ನಿತ್ಯದ ಯಂತ್ರವಲ್ಲವಾದ್ದರಿಂದ ಎರಡೇ ವಿಷಯ ಹೇಳುತ್ತೇನೆ. ಸರಿಯಾಗಿ ಇಜೆಕ್ಟ್ ಆಗದೆ ಕಳಚಿದ, ಎಕ್ಸ್‌ಫ್ಯಾಟ್ ಎಂಬ ಕಡತವ್ಯವಸ್ಥೆಯ ಡಿಸ್ಕನ್ನು ಮ್ಯಾಕ್ ಮೊದಲು ತಪಾಸಣೆಗೆ ಒಳಪಡಿಸುತ್ತದೆ. ದೊಡ್ಡ ಡಿಸ್ಕಾದರೆ ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಡಿಸ್ಕ್ ಯುಟಿಲಿಟಿಯಲ್ಲಿ ಹೆಸರು ಮಸುಕಾಗಿ ಕಾಣುತ್ತದೆಯೇ ಹೊರತು ಡಿಸ್ಕ್ ತೆರೆಯುವುದಿಲ್ಲ. ಆಗ ಕಿತ್ತು ಹಾಕಿದರೆ ತಪಾಸಣೆ ಮತ್ತೆ ಮೊದಲಿನಿಂದ ಶುರು. 2022ರ ಮ್ಯಾಕ್‌ಒಎಸ್ ವೆಂಚುರಾ ಆವೃತ್ತಿಯಿಂದೀಚೆಗೆ ಆಪಲ್ ಸಿಲಿಕಾನ್ (ಆಪಲ್‌ನದೇ ಚಿಪ್) ಇರುವ ಲ್ಯಾಪ್‌ಟಾಪುಗಳು ಹೊಸ ಯುಎಸ್‌ಬಿ ಸಾಧನ ಸೇರಿಸುವ ಮುನ್ನ ಅನುಮತಿ ಕೇಳುತ್ತವೆ. ಆ ಪ್ರಶ್ನೆಗೆ ಉತ್ತರಿಸದೆ ಬಿಟ್ಟ ಡಿಸ್ಕ್ ಕೂಡ ಕೆಟ್ಟ ಡಿಸ್ಕಿನಂತೆಯೇ ಕಾಣುತ್ತದೆ.

ನಾವಾಗಿ ಮಾಡಿದ ರೀಸ್ಟಾರ್ಟಿಗೂ ಕರೆಂಟು ಹೋಗಿ ಆದ ರೀಸ್ಟಾರ್ಟಿಗೂ ಇರುವ ಅಂತರವನ್ನು ಮರೆಯಬಾರದು. ಮೊದಲನೆಯದರಲ್ಲಿ ಬರೆಯಬೇಕಾದದ್ದೆಲ್ಲವನ್ನೂ ಬರೆದು ಮುಗಿಸಿಯೇ ಸಿಸ್ಟಂ ಮುಚ್ಚಿಕೊಳ್ಳುತ್ತದೆ. ಎರಡನೆಯದರಲ್ಲಿ ಬರವಣಿಗೆ ನಡುವೆಯೇ ತುಂಡಾಗುತ್ತದೆ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ, ಬರೆಯಬೇಕಾದದ್ದನ್ನು ಬಾಕಿಯಿಟ್ಟುಕೊಳ್ಳದ ಕ್ವಿಕ್ ರಿಮೂವಲ್ ನೀತಿಯೇ ಮೂಲ ಆಯ್ಕೆಯಾಗಿರುವುದರಿಂದ ನಷ್ಟದ ಸಂಭವ ತಗ್ಗಿದೆ, ಇಲ್ಲವಾಗಿಲ್ಲ. ಮಾಡಲಿರುವ ಬದಲಾವಣೆಗಳನ್ನು ಮೊದಲೇ ಬರೆದಿಡುವ ಜರ್ನಲ್ ಇರುವ ಎನ್‌ಟಿಎಫ್‌ಎಸ್ ಇಂಥ ಏಟನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಜರ್ನಲ್ ಇಲ್ಲದ ಎಕ್ಸ್‌ಫ್ಯಾಟ್ ಅಷ್ಟು ಗಟ್ಟಿಯಲ್ಲ. ಕರೆಂಟು ಪದೇ ಪದೇ ಹೋಗುವ ಬಡಾವಣೆಗಳಲ್ಲಿರುವವರು ಬ್ಯಾಕಪ್ ಡಿಸ್ಕಿಗೆ ಎಕ್ಸ್‌ಫ್ಯಾಟ್ ಬಳಸದಿರುವುದು ಲೇಸು.

ಕಡತವ್ಯವಸ್ಥೆಯ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವ ಮುಂಚೆ ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಥವಾ ಸ್ಮಾರ್ಟ್‌ಸಿಟಿಎಲ್ ತೋರಿಸುವ ಸ್ಮಾರ್ಟ್ ಅಂಕಿಗಳಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆಯಲ್ಲಿ, 5ನೆಯದು ಬದಲಿಸಲಾದ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಣುಕುಗಳ) ಲೆಕ್ಕ, 197ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ ಲೆಕ್ಕ. ಇವು ಶೂನ್ಯದಿಂದ ಮೇಲೇರುತ್ತಿದ್ದರೆ ಚೆಕ್‌ಡಿಸ್ಕ್ ಬೇಡ. ಅದು ಸೊರಗಿದ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ, ಮೇಲಾಗಿ ಅದರ ಮೇಲೆ ಬರೆಯುತ್ತದೆ. ಮುಖ್ಯ ಕಡತಗಳನ್ನು, ಸಾಧ್ಯವಾದರೆ ಇಡೀ ಡಿಸ್ಕನ್ನೇ, ಮೊದಲು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಲಯಬದ್ಧವಾಗಿ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದನ್ನೂ ಮಾಡಬಾರದು, ವಿದ್ಯುತ್ ತೆಗೆದು ಪಕ್ಕಕ್ಕಿಡಬೇಕು. ಪೆಟ್ಟಿಗೆ ಒಡೆದು ಒಳಗಿನ ಡಿಸ್ಕನ್ನು ನೇರವಾಗಿ ಜೋಡಿಸಿ ನೋಡಿ ಎಂಬ ಸಲಹೆ ಹಿಂದೆ ಒಳ್ಳೆಯದೇ ಆಗಿತ್ತು. ಈಗಿನ ಅನೇಕ ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ಯುಎಸ್‌ಬಿ ಸಾಕೆಟ್ಟು ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿದ್ದು ಬೇರೆ ಸಾಕೆಟ್ಟೇ ಇರುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಬ್ರಿಡ್ಜ್ ಚಿಪ್ಪೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಬರೆಯುವುದರಿಂದ, ಅದನ್ನು ಬಿಟ್ಟು ನೇರವಾಗಿ ಓದಿದರೆ ಸಿಗುವುದು ಅರ್ಥವಿಲ್ಲದ ರಾಶಿ ಮಾತ್ರ.

ಸದ್ಯ ನನ್ನ ವ್ಯವಸ್ಥೆ ಹೀಗಿದೆ. ಬ್ಯಾಕಪ್ ಡಿಸ್ಕ್ ಹಿಂಭಾಗದ ಪೋರ್ಟಿನಲ್ಲಿ ಗಿಡ್ಡ ಕೇಬಲ್ಲಿನಿಂದ ಸೇರಿಕೊಂಡಿದೆ, ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ, ಬ್ಯಾಕಪ್ ಸೋತರೂ ಗೆದ್ದರೂ ಬೆಳಿಗ್ಗೆ ಇಮೇಲ್ ಬರುತ್ತದೆ. ಇಮೇಲ್ ಬಾರದಿದ್ದರೆ ಅದೂ ಸೋಲೇ ಎಂದು ಲೆಕ್ಕ. ಸದಾ ಜೋಡಿಕೊಂಡಿರುವ ಡಿಸ್ಕನ್ನು, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಮುಟ್ಟಬಲ್ಲದು ಎಂಬ ಕಾರಣಕ್ಕೆ ಎರಡನೆಯ ಡಿಸ್ಕೊಂದು ಬೀರುವಿನಲ್ಲಿರುತ್ತದೆ. ಅದನ್ನು ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ ಕೈಯಾರೆ ಜೋಡಿಸಿ, ಕೆಲಸ ಮುಗಿದೊಡನೆ ಕಳಚಿಡುವುದರಿಂದ, ರೀಸ್ಟಾರ್ಟಿನ ತೊಂದರೆ ಅದಕ್ಕೆ ತಟ್ಟುವುದೇ ಇಲ್ಲ.